ಬಾಯ್ಲರ್ ರೂಮಿಗೆ ಒಂದು ಲೈನು

ಮಾರ್ಚ್ 3, ಭಾನುವಾರ

ಗೆದ್ವಿ! ಗೆದ್ವಿ ಗೆದ್ವಿ ಗೆದ್ವಿ!!!

ನಮ್ಮ ಹುಡುಗೀರು ಫುಟ್‌ಬಾಲ್ ಫೈನಲ್‌ಗೆ ಬಂದ್ರು. ಅಕ್ಷರ ಕೋಳಿ ಕೆದರಿದ ಹಾಗೆ ಬರ್ತಿದೆ, ಬರಲಿ. ಈ ಡೈರಿ ಓದೋದು ನಾನೊಬ್ಬಳೇ. ಆದ್ರೂ ಮುಂದೆ ಯಾರಾದ್ರೂ ನಮ್ಮ ಟೀಮಿನ ಇತಿಹಾಸ ಬರೀತೀನಿ ಅಂದ್ರೆ ನನ್ನ ಹತ್ರಾನೇ ಬರಬೇಕಾಗುತ್ತೆ, ಅದಕ್ಕೆ ಎಲ್ಲಾ ಬಿಡಿಸಿ ಬರೆದಿಡ್ತೀನಿ.

ಗೋಲ್‌ಕೀಪರ್ ನಮ್ಮಕ್ಕ. ಮೈದಾನದಲ್ಲಿ ಅವಳ ಹೆಸರು 'ಗೋಡೆ'. ಮನೇಲಿ ಅಪ್ಪ ಇಟ್ಟಿರೋ ಹೆಸರು 'ಮೂಟೆ'. ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ ಸಿಮೆಂಟ್ ಮೂಟೆ ಥರ ಬಿದ್ದಿರ್ತಾಳೆ. ಅಪ್ಪ ದಿನಾ ಬಾಗಿಲಲ್ಲಿ ನಿಂತು "ಏಳೇ ಮೂಟೆ!" ಅಂತ ಕೂಗ್ತಾರೆ. ಪಕ್ಕದ ಮನೆಯೋರು ಅಲಾರಂ ಇಟ್ಕೊಳ್ಳೋದೇ ಬಿಟ್ಟಿದಾರೆ.

ನಮ್ಮ ಮ್ಯಾಚು ಟಿವೀಲಿ ಬರಲ್ಲ. ಲೀಗೇ ಚಿಕ್ಕದು. ಹಾಗಾಗಿ ನಾವು ಫ್ಯಾನ್ಸ್ ಸೇರ್ಕೊಂಡು ವಾಯ್ಸ್ ಚಾಟ್‌ನಲ್ಲಿ ಒಂದು ರೂಮ್ ಮಾಡಿದೀವಿ, ಹೆಸರು 'ಗ್ಯಾಲರಿ'. ಶಿಳ್ಳೆ ಮಾಮ ಮೈದಾನದಲ್ಲಿ ಅಕ್ಕನ ಗೋಲಿನ ಹಿಂದೆ ಕಂಬಿ ಹತ್ರ ಫೋನ್ ಹಿಡ್ಕೊಂಡು ನಿಂತು ಕಾಮೆಂಟರಿ ಹೇಳ್ತಾರೆ. ವಾರವಿಡೀ ಕ್ಷೌರದಂಗಡಿ, ಭಾನುವಾರ ಕಾಮೆಂಟರಿ. ಎರಡರಲ್ಲೂ ಬಾಯಿ ನಿಲ್ಲಲ್ಲ. ನಾವು ಉಳಿದೋರೆಲ್ಲ ಮೈಕ್ ಮುಚ್ಕೊಂಡು ಕೇಳ್ಬೇಕು. ಅವರು "ಬಾಯಿ ಬಿಡ್ರಪ್ಪೋ!" ಅಂದಾಗ ಮಾತ್ರ ಎಲ್ರೂ ಒಟ್ಟಿಗೆ ಬಟನ್ ಒತ್ತಿ ಕಿರುಚೋದು. ಅವರು ಕಂಬಿಗೆ ಒಂದು ಸ್ಪೀಕರ್ ಕಟ್ಟಿದಾರೆ. ನಾವು ಕಿರುಚಿದ್ದು ಅಲ್ಲಿ ಆಡೋರಿಗೆ ಕೇಳುತ್ತೆ! ಒಂದು ಸಲ ಎದುರು ಟೀಮಿನ ಕೋಚು ಹೆದರಿ ನೀರಿನ ಬಾಟ್ಲಿ ಬೀಳಿಸ್ಕೊಂಡ.

ನಾನು ಇವತ್ತಿನವರೆಗೂ ಒಂದು ನಿಮಿಷ ಮಿಸ್ ಮಾಡಿಲ್ಲ. ಜ್ವರ ಬಂದಾಗಲೂ. ಸೋದರತ್ತೆ ಮಗಳ ಮದುವೇಲೂ. ಇಡೀ ಗ್ಯಾಲರೀಲಿ ಈ ದಾಖಲೆ ಇರೋದು ನನಗೊಬ್ಬಳಿಗೇ.

ಅಪ್ಪ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚೋಕೂ ಮುಂಚೆ "ಎಷ್ಟು ಹಿಡಿದ್ಲು?" ಅಂದ್ರು. ಊಟಕ್ಕೆ ಕೂತಾಗ ಎರಡು ಲೋಟ ಇಟ್ಟು ಗೋಲು ಮಾಡಿ ಪೂರ್ತಿ ಆಡಿ ತೋರಿಸ್ದೆ. ಅಕ್ಕ ಹಾರಿ ಬೀಳೋ ಜಾಗ ಬಂತು, ನಾನು ಚಾಪೆ ಮೇಲೆ ದೊಪ್ಪಂತ ಬಿದ್ದೆ. ಅಪ್ಪ ತೊಡೆ ತಟ್ಟಿ "ಏಳೇ ಮೂಟೆ!" ಅಂತ ಕೂಗಿದ್ರು. ಪ್ರತಿ ಸಲ ಅದೇ. ಅವರ ಚಪ್ಪಾಳೆನೇ ಅದು. ಅಮ್ಮ, "ಊಟ ಮಾಡ್ತೀರೋ ಲೋಟ ಒಡೀತೀರೋ, ಒಂದು ಹೇಳಿ" ಅಂದ್ಲು.

ಅಪ್ಪಂಗೆ ಭಾನುವಾರ ಯಾವಾಗ್ಲೂ ಡ್ಯೂಟಿ. ಆಸ್ಪತ್ರೆ ನೆಲಮಾಳಿಗೇಲಿ ಬಾಯ್ಲರ್ ಆಪರೇಟರ್. ಅಕ್ಕ ಆಡೋದನ್ನ ಅವರು ನೋಡಿರೋದು ನನ್ನ ಲೋಟಗಳಲ್ಲೇ.

ಫೈನಲ್ ಇಪ್ಪತ್ನಾಲ್ಕಕ್ಕೆ. ನಮ್ಮ ಮೈದಾನದಲ್ಲೇ!

ಮಾರ್ಚ್ 4, ಸೋಮವಾರ

ಫೈನಲ್ ಸುದ್ದಿ ಕೇಳಿ ಗ್ಯಾಲರಿಗೆ ಹೊಸಬರು ಇರುವೆ ಥರ ಬರ್ತಿದಾರೆ. ಎಲ್ಲರದ್ದೂ ಒಂದೇ ಗೋಳು: "ಕನೆಕ್ಟ್ ಆಗ್ತಿಲ್ಲ", "ಏನೂ ಕೇಳ್ತಿಲ್ಲ". ನನ್ನದೂ ಒಂದೇ ಉತ್ತರ: "ಮೇಲೆ ಪಿನ್ ಮಾಡಿರೋದನ್ನ ಓದಿ." ಎಷ್ಟು ಸಲ ಟೈಪ್ ಮಾಡಿದೀನಂದ್ರೆ 'ಮೇ' ಅಂತ ಒತ್ತಿದ್ರೆ ಸಾಕು, ಫೋನೇ ಪೂರ್ತಿ ಮಾಡುತ್ತೆ. ಓದದೇ ಕೇಳೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ.

ಇನ್ನೊಂದು ವಿಷಯ. ಗ್ಯಾಲರಿಯ ಸರ್ವರ್ ನೋಡ್ಕೊಳ್ಳೋದು ಹೆಡ್‌ಮಾಸ್ಟ್ರು. ನಿಜವಾದ ಹೆಡ್‌ಮಾಸ್ಟ್ರಲ್ಲ, ಜೆರಾಕ್ಸ್ ಅಂಗಡಿಯೋರು. ರೂಲ್ಸ್ ಜಾಸ್ತಿ, ಅದಕ್ಕೆ ಆ ಹೆಸರು. ಅವರು ಫೈನಲ್‌ಗೆ ಮುಂಚೆ ಒಬ್ಬರಿಗೆ ಹಸಿರು ಬ್ಯಾಡ್ಜ್ ಕೊಡ್ತಾರಂತೆ. ಹಸಿರು ಬ್ಯಾಡ್ಜ್ ಅಂದ್ರೆ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ, ರೂಮಿನ ಯಜಮಾನಿಕೆ! ಅದು ನಂಗೇ ಸಿಗಬೇಕು. ಇನ್ಯಾರಿಗಿದೆ ಅರ್ಹತೆ?

ಮಾರ್ಚ್ 6, ಬುಧವಾರ

ಬರೆಯೋಕೆ ಮನಸ್ಸಿಲ್ಲ. ಆದ್ರೂ.

ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಂಡಿಗೆ ಐಸ್ ಇಟ್ಕೊಂಡಿದ್ಲು. ನನ್ನ ನೋಡಿ ಟವೆಲ್ ಮುಚ್ಚಿದ್ಲು.

"ತೆಗಿ, ನೋಡ್ತೀನಿ" ಅಂದೆ.

"ನೋಡಿ ಏನ್ ಮಾಡ್ತೀಯಾ ಡಾಕ್ಟ್ರಮ್ಮ?"

ಟವೆಲ್ ಎಳೆದೆ. ಮಂಡಿ ಎಲ್ಲಿ ಶುರು, ಎಲ್ಲಿ ಕೊನೆ ಅಂತಾನೇ ಗೊತ್ತಾಗ್ಲಿಲ್ಲ, ಅಷ್ಟು ಊದಿದೆ.

"ಇಪ್ಪತ್ನಾಲ್ಕೇ ಕೊನೇದು ಕಣೇ ಚೋಟು. ಇನ್ನೊಂದು ಸೀಸನ್ ಆಡಿದ್ರೆ ಮೆಟ್ಟಿಲು ಹತ್ತೋಕೂ ಆಗಲ್ಲ ಅಂತ ಡಾಕ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದಾರೆ. ಅಪ್ಪ ಅಮ್ಮಂಗೆ ಹೇಳ್ಬೇಡ."

ಅವಳು ಅಳ್ಲಿಲ್ಲ. ಐಸ್ ತುಂಡು ತೆಗೆದು ನನ್ನ ಅಂಗಿ ಕುತ್ತಿಗೆ ಒಳಗೆ ಹಾಕಿದ್ಲು, ರಾಕ್ಷಸಿ. ಆಮೇಲೆ ಮೆಲ್ಲಗೆ ಅಂದ್ಲು: "ಅಪ್ಪ ಒಂದೇ ಒಂದು ಮ್ಯಾಚು ಕೇಳ್ಲಿ ಅಂತ ಆಸೆ. ನಡೀತಿರೋವಾಗ್ಲೇ. ನಿನ್ನ ಲೋಟದ ಆಟ ಅಲ್ಲ, ನಿಜವಾದ್ದು. ಏನಾದ್ರೂ ಮಾಡ್ತೀಯಾ?"

ನಮ್ಮಕ್ಕ ಯಾರ ಹತ್ರಾನೂ ಏನೂ ಕೇಳಿದೋಳಲ್ಲ.

"ಮಾಡ್ದೆ ಅಂತ ತಿಳ್ಕೋ" ಅಂದೆ.

ಮಾರ್ಚ್ 7, ಗುರುವಾರ

ರಜ ಹಾಕಿ ಅಂತ ಅಪ್ಪಂಗೆ ದುಂಬಾಲು ಬಿದ್ದೆ. ಆಗಲ್ಲವಂತೆ. ಬಾಯ್ಲರ್ ಲೈಸೆನ್ಸ್ ಇರೋರು ಇಬ್ಬರೇ, ಇನ್ನೊಬ್ಬರ ಹೆಂಡ್ತಿಗೆ ಹೆರಿಗೆ ದಿನ ಹತ್ರ, ಅವರು ಊರಿಗೆ ಹೋಗಿದಾರೆ.

"ಮರಿ, ಆಪರೇಷನ್ ಕತ್ತರಿ ಕುದಿಯೋದು ನನ್ನ ಹಬೇಲಿ. ಬಿಟ್ಟು ಎದ್ದು ಬಂದ್ರೆ ಅಲ್ಲಿ ಮಲಗಿರೋರ ಗತಿ?"

"ಫೋನಲ್ಲಿ ಕೇಳಿ ಮತ್ತೆ."

"ನೆಲಮಾಳಿಗೇಲಿ ಸಿಗ್ನಲ್ ಅನ್ನೋದು ದೇವ್ರಿದ್ದ ಹಾಗೆ. ಇದೆ ಅಂತಾರೆ, ನಾನು ಕಂಡಿಲ್ಲ."

ಆದ್ರೆ ಅಲ್ಲಿ ಒಂದು ಕಂಪ್ಯೂಟರ್ ಇದೆಯಂತೆ! ಬಾಯ್ಲರ್ ಲೆಕ್ಕ ತುಂಬೋಕೆ, ವೈರು ಎಳೆದಿರೋದು. ನೆಟ್ ಇದೆ. ಮುಗೀತು ಕಥೆ. ನಂಗೆ ಇದೆಲ್ಲ ನೀರು ಕುಡಿದಷ್ಟು ಸುಲಭ.

ಮಾರ್ಚ್ 9, ಶನಿವಾರ

ನೀರು ಕುಡಿಯೋದು ಕಷ್ಟ.

ಪಿನ್ ಮಾಡಿರೋದ್ರ ಜೊತೆಗೆ ಗ್ಯಾಲರಿ ಚರ್ಚೆಯ ಇನ್ನೂ ಮೂರು ಥ್ರೆಡ್‌ನಿಂದ ಎತ್ತಿ ಒಂದು ಉದ್ದ ಪಟ್ಟಿ ಮಾಡಿ, ಪ್ರಿಂಟ್ ಹಾಕಿ ಅಪ್ಪನ ಜೇಬಲ್ಲಿಟ್ಟಿದ್ದೆ. ಸಾಫ್ಟ್‌ವೇರ್ ಹಾಕಿ ಕೊಡೋಕೆ ಅಲ್ಲಿಯ ಕಂಪ್ಯೂಟರ್ ಹುಡುಗ ಒಪ್ಪಿದ್ದ. ಮಧ್ಯಾಹ್ನ ಅಲ್ಲಿಯ ಲ್ಯಾಂಡ್‌ಲೈನ್‌ನಿಂದ ಅಪ್ಪನ ಕರೆ.

"ಮರಿ, 'ಹೋಸ್ಟ್' ಅಂತ ಕೇಳ್ತಿದೆ. ಸರ್ವರ್ ವಿಳಾಸ ಹಾಕ್ದೆ. ಪೋರ್ಟ್ ನಂಬರೂ ಹಾಕ್ದೆ. ಆಗ್ಲಿಲ್ಲ."

"ಎಲ್ಲಿ ಹಾಕಿದ್ರಿ?"

"ನೆಟ್‌ವರ್ಕ್ ಅನ್ನೋ ಕಡೆ. ಪ್ರಾಕ್ಸಿ ಅಂತ ಬರೆದಿದೆ, ಅದರ ಕೆಳಗೆ."

"ಅಯ್ಯೋ ಅಪ್ಪಾ! ಅದಲ್ಲ! ಅದು ಬೇರೆ ಹೋಸ್ಟು!"

"ಎರಡು ಕಡೇನೂ ಹೋಸ್ಟ್ ಅಂತಾನೇ ಬರೆದಿದ್ರೆ ನಾನ್ಯಾವ ಜ್ಯೋತಿಷಿ?"

ಪ್ರಾಕ್ಸಿ ಖಾಲಿ ಬಿಡಿ ಅಂದೆ. ಖಾಲಿ ಬಿಟ್ರು. ಆಗ್ಲೂ ಆಗ್ಲಿಲ್ಲ. ಪಟ್ಟೀಲಿ ಇರೋದೆಲ್ಲ ಮಾಡಿಸ್ದೆ. ನನ್ನ ದನಿ ಏರ್ತಾ ಹೋಯ್ತು, ಅವರ ದನಿ ಇಳೀತಾ ಹೋಯ್ತು. ಕೊನೆಗೆ "ಪ್ರೆಷರ್ ಗೇಜ್ ನೋಡ್ಬೇಕು" ಅಂತ ಫೋನ್ ಇಟ್ಟುಬಿಟ್ರು.

ಪಿನ್ ಮಾಡಿರೋದನ್ನ ಸರಿಯಾಗಿ ಓದ್ಬೇಕಪ್ಪ ಜನ.

ಸಂಜೆ ಅಕ್ಕ ಕೇಳಿದ್ಲು, "ಅಪ್ಪ ಕೂತಿರೋ ಜಾಗ ನೀನು ನೋಡಿದೀಯೇನೇ?"

ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮಾರ್ಚ್ 11, ಸೋಮವಾರ

ಅಪ್ಪನ ಊಟದ ಡಬ್ಬಿ ನಾನೇ ತಗೊಂಡು ಹೋದೆ. ಮೆಟ್ಟಿಲು ಇಳಿದ ಹಾಗೆಲ್ಲ ಫೋನಿನ ಗೆರೆಗಳು ಒಂದೊಂದಾಗಿ ಸತ್ವು. ಬಾಗಿಲ ಹತ್ರ ನೆಲದ ಮೇಲೆ ಹಳದಿ ಪಟ್ಟಿ, ಅದನ್ನ ದಾಟೋ ಹಾಗಿಲ್ಲ. ಒಳಗೆ ಆ ಸದ್ದು! ರೈಲು ಹೋಗ್ತಾನೇ ಇದೆ, ಮುಗೀತಾನೇ ಇಲ್ಲ ಅನ್ನೋ ಥರ. ಪಟ್ಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಕೊಂಡ ಒಂದು ಮೇಜು, ಅದರ ಮೇಲೆ ಕಂಪ್ಯೂಟರ್. ಪರದೆಯಿಂದ ಕತ್ತೆತ್ತಿದ್ರೆ ನೇರ ಗೇಜು ಕಾಣುತ್ತೆ. ಅಪ್ಪ ನನ್ನ ಪಟ್ಟೀನ ಪರದೆಗೆ ಟೇಪ್ ಹಾಕಿ ಅಂಟಿಸಿದಾರೆ. ಬೆವರಿಗೆ ಶಾಯಿ ಕದಡಿ ಹೋಗಿದೆ. ಈ ಸದ್ದಲ್ಲಿ, ಒಂದು ಕಿವಿಗೆ ಫೋನು ಒತ್ತಿಕೊಂಡು, ನಾನು ಕಿರುಚಿದ್ದನ್ನೆಲ್ಲ ಕೇಳಿಸ್ಕೊಂಡು ಟೈಪ್ ಮಾಡಿದ್ರಾ?

ಕಂಪ್ಯೂಟರ್ ಪಕ್ಕ ಒಂದು ಚೀಟಿ: "ಹೊರಗಿನ ಸಂಪರ್ಕ ಪ್ರಾಕ್ಸಿ ಮೂಲಕ ಮಾತ್ರ. ನೆಟ್‌ವರ್ಕ್ ವಿಭಾಗ, ಎರಡನೇ ಮಹಡಿ."

ಅಂದ್ರೆ ಹೊರಗೆ ಹೋಗೋ ಬಾಗಿಲೇ ಆ ಪ್ರಾಕ್ಸಿ, ಅಪ್ಪ ಅದನ್ನ ತುಂಬೋಕೆ ಹೋಗಿದ್ದು ಸರೀನೇ. ಖಾಲಿ ಬಿಡಿ ಅಂದೋಳು ನಾನು.

ಮಾರ್ಚ್ 12, ಮಂಗಳವಾರ

ಎರಡನೇ ಮಹಡಿ. ನೆಟ್‌ವರ್ಕ್ ಮೇಡಂ. ಕನ್ನಡಕ ತಲೆ ಮೇಲೆ, ಇನ್ನೊಂದು ಕನ್ನಡಕ ಕಣ್ಣಿಗೆ.

ಎಲ್ಲಾ ಹೇಳ್ದೆ. ಅಕ್ಕ, ಅಪ್ಪ, ಫೈನಲ್. ಮಂಡಿ ವಿಷ್ಯ ಮಾತ್ರ ಹೇಳ್ಲಿಲ್ಲ. ಅವರು ಕೇಳಿದ್ರು, "ಯಾವ ಪೋರ್ಟು?" ಹೇಳ್ದೆ. "ಯುಡಿಪಿನೋ ಟಿಸಿಪಿನೋ?" ಎರಡೂ ಅಂದೆ. "ಎರಡೂ ಬೇಕಾ, ಒಂದು ಸಾಕಾ?" ಗೊತ್ತಿಲ್ಲ. "ಎಷ್ಟು ಬ್ಯಾಂಡ್‌ವಿಡ್ತ್, ಅಂದ್ರೆ ಲೈನಲ್ಲಿ ಎಷ್ಟು ಜಾಗ ತಿನ್ನುತ್ತೆ?" ಗೊತ್ತಿಲ್ಲ. "ಇದೇ ಲೈನಲ್ಲಿ ರೋಗಿಗಳ ಸ್ಕ್ಯಾನ್ ಚಿತ್ರ ಓಡಾಡುತ್ತಮ್ಮ. ಗೊತ್ತಿಲ್ಲದೇ ಬಾಗಿಲು ತೆಗೆಯೋಕಾಗುತ್ತಾ?"

"ಎಲ್ರೂ ಇದನ್ನೇ ಬಳಸ್ತಾರೆ ಮೇಡಂ, ಥ್ರೆಡ್‌ನಲ್ಲಿ..."

"ಎಲ್ರೂ ಬಾಯ್ಲರ್ ರೂಮಲ್ಲಿ ಕೂತಿರ್ತಾರಾ?"

ಮೆಟ್ಟಿಲು ಇಳಿದು ಬಂದೆ. ಇಷ್ಟು ದಿನ ನಾನು ಇದನ್ನೆಲ್ಲ ಬೇರೆಯೋರಿಗೆ ಹೇಳ್ಕೊಡ್ತಿದ್ದೆ ಅಂತ ನೆನೆಸ್ಕೊಂಡ್ರೆ... ಬೇಡ ಬಿಡು.

ಮಾರ್ಚ್ 14, ಗುರುವಾರ

ಥ್ರೆಡ್‌ನಲ್ಲಿ ಕೇಳ್ದೆ. ಎಲ್ಲರದ್ದೂ ಬೇರೆ ಬೇರೆ ಅಭಿಪ್ರಾಯ, ಆಮೇಲೆ ಅವರವರಲ್ಲೇ ಜಗಳ. ಕೊನೆಗೆ ಒಬ್ಬ ನಂಗೇ "ಮೇಲೆ ಪಿನ್ ಮಾಡಿರೋದನ್ನ ಓದಿ" ಅಂದ. ಅದನ್ನ ಬರೆದಿದ್ದೇ ನಾನು ಕಣೋ!

ಹೆಡ್‌ಮಾಸ್ಟ್ರ ಅಂಗಡಿಗೇ ಹೋದೆ. ಜೆರಾಕ್ಸ್ ಮೆಷಿನ್ ಬಾಯಿ ತೆಗೆದು ಸಿಕ್ಕಿಕೊಂಡ ಹಾಳೆ ಎಳೀತಾ ಇದ್ರು. "ಈಗ ಬಂದ್ಯಾ ದಾರಿಗೆ" ಅಂತ ನಕ್ಕರು. ಆದ್ರೆ ಬಿಡಿಸಿ ಹೇಳಿದ್ರು. ನೆಟ್‌ನಲ್ಲಿ ಮಾತು ಕಳಿಸೋಕೆ ಎರಡು ದಾರಿ.

ಯುಡಿಪಿ ಅಂದ್ರೆ ಅಕ್ಕ ಗೋಲಿಂದ ಒದೆಯೋ ಉದ್ದನೇ ಕಿಕ್ಕು. ಬೇಗ ಹೋಗುತ್ತೆ, ನಡುವೆ ಒಂದೆರಡು ಬಿದ್ದುಹೋದ್ರೂ ತಲೆ ಕೆಡಿಸ್ಕೊಳ್ಳಲ್ಲ. ಮಾತು ಸ್ವಲ್ಪ ತುಂಡಾಗುತ್ತೆ ಅಷ್ಟೇ. ಟಿಸಿಪಿ ಅಂದ್ರೆ ಕಾಲಿಂದ ಕಾಲಿಗೆ ಪಾಸು. ಒಂದೂ ತಪ್ಪೋ ಹಾಗಿಲ್ಲ. ಒಂದು ತಪ್ಪಿದ್ರೆ ಅದು ಮತ್ತೆ ಬರೋವರೆಗೂ ಹಿಂದಿನದೆಲ್ಲ ಕಾಯುತ್ತೆ, ತಡ ಆಗುತ್ತೆ. ಆಸ್ಪತ್ರೆ ಪ್ರಾಕ್ಸಿ ದಾಟೋದು ಟಿಸಿಪಿ ಮಾತ್ರ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ 'ಟಿಸಿಪಿ ಮಾತ್ರ ಬಳಸು' ಅಂತ ಒಂದು ಚೌಕ ಇದೆ. ದಿನಾ ನೋಡಿದೀನಿ, ಒಂದು ದಿನಾನೂ ಅದು ಯಾಕಿದೆ ಅಂತ ಕೇಳಿಲ್ಲ.

ಆಡಿಯೋ ಕ್ವಾಲಿಟಿ ಇಳಿಸಿದ್ರೆ ಎಷ್ಟು ಕಡಿಮೆ ತಿನ್ನುತ್ತೆ ಅಂತ ಇಬ್ಬರೂ ಕೂತು ಅಳೆದ್ವಿ. ಶಿಳ್ಳೆ ಮಾಮನ ಗಂಟಲಿಗೆ ಹೈ ಕ್ವಾಲಿಟಿ ಬೇಕಾಗೂ ಇಲ್ಲ ಅಂದ್ರು ಹೆಡ್‌ಮಾಸ್ಟ್ರು.

ಹಸಿರು ಬ್ಯಾಡ್ಜ್ ಕೇಳೋಣ ಅಂತ ಹೋಗಿದ್ದೆ. ಮರ್ತೇ ಹೋಯ್ತು.

ಮಾರ್ಚ್ 15, ಶುಕ್ರವಾರ

ಮೇಡಂ ಒಪ್ಪಿದ್ರು!!!

ಎಲ್ಲಾ ಪ್ರಶ್ನೆಗೂ ಟಪಟಪ ಉತ್ತರ ಹೇಳ್ದೆ. ಅವರು ಕಣ್ಣಿನ ಕನ್ನಡಕ ತೆಗೆದು, ತಲೆ ಮೇಲಿನದನ್ನ ಇಳಿಸಿ ಹಾಕ್ಕೊಂಡು ನನ್ನ ನೋಡಿದ್ರು. ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿ ಅನುಮತಿ ತಗೊಂಡ್ರು. ಬಾಯ್ಲರ್ ರೂಮಿನ ಆ ಒಂದು ಕಂಪ್ಯೂಟರ್‌ಗೆ, ನಮ್ಮ ಸರ್ವರ್‌ಗೆ, ಆ ಒಂದು ಪೋರ್ಟಿಗೆ ಮಾತ್ರ.

ಎರಡು ಎಚ್ಚರಿಕೆ ಕೊಟ್ರು. ಒಂದು, ಪ್ರಾಕ್ಸಿ ಪಾಸ್‌ವರ್ಡ್ ಅಪ್ಪಂಗೆ ಮಾತ್ರ, ಕಂಪ್ಯೂಟರ್‌ನಲ್ಲಿ ಉಳಿಸೋ ಹಾಗಿಲ್ಲ. ಎರಡು, ತುಂಬಾ ಹೊತ್ತು ತೆಗೆದಿರೋ ಲೈನನ್ನ ಪ್ರಾಕ್ಸಿ ತಾನೇ ಕತ್ತರಿಸುತ್ತೆ. ಮತ್ತೆ ಸೇರ್ಬೇಕು ಅಂದ್ರೆ ಪಾಸ್‌ವರ್ಡ್ ಹೊಡೀಬೇಕು.

ಹೊರಡೋವಾಗ, "ನಿಮ್ಮಪ್ಪಂಗೆ ಹೇಳು, ಮೂರನೇ ಮಹಡಿ ಸ್ಟಾಫ್ ರೂಮಲ್ಲಿ ಬಿಸಿನೀರು ಸ್ವಲ್ಪ ಬೇಗ ಬರ್ಲಿ" ಅಂದ್ರು. ಲಂಚ!

ಮಾರ್ಚ್ 17, ಭಾನುವಾರ

ಇವತ್ತು ಮ್ಯಾಚಿಲ್ಲ, ಟೆಸ್ಟು. ಅಪ್ಪ ಡ್ಯೂಟೀಲಿ, ನಾನು ಮನೇಲಿ. ಗ್ಯಾಲರೀಲಿ ಯಥಾಪ್ರಕಾರ ಹರಟೆ ಹೊಡೆಯೋರೆಲ್ಲ ಇದ್ರು.

ಲ್ಯಾಂಡ್‌ಲೈನಲ್ಲಿ ಒಂದೊಂದೇ ಹೇಳ್ದೆ. ಈ ಸಲ ಪಟ್ಟಿ ಇಲ್ಲ. ನೆಟ್‌ವರ್ಕ್ ಪುಟ ತೆಗೀರಿ. ಏನ್ ಕಾಣುತ್ತೆ ಹೇಳಿ. 'ಟಿಸಿಪಿ ಮಾತ್ರ', ಅದಕ್ಕೆ ಟಿಕ್. 'ತಾನಾಗೇ ಮರುಸಂಪರ್ಕ', ಅದಕ್ಕೂ ಟಿಕ್. ಈಗ ಪ್ರಾಕ್ಸಿ. ಈ ಹೋಸ್ಟು ಆಸ್ಪತ್ರೆ ಬಾಗಿಲು, ಇನ್ನೊಂದು ಹೋಸ್ಟು ನಮ್ಮ ಮನೆ ಬಾಗಿಲು. "ಹಾಗೆ ಹೇಳು ಮತ್ತೆ!" ಅಂದ್ರು ಅಪ್ಪ. ಪಾಸ್‌ವರ್ಡ್ ಅಂಗೈ ಮೇಲೆ ಬರ್ಕೊಂಡಿದ್ರು, ಎರಡು ಬೆರಳಲ್ಲಿ ಒತ್ತಿದ್ರು.

ಗ್ಯಾಲರಿ ಪರದೆ ಮೇಲೆ ಅವರ ಹೆಸರು ಬಂತು! ನಂಗೆ ಕುಣಿಯೋ ಹಾಗಾಯ್ತು. "ಹಲೋ ಹೇಳಿ ಅಪ್ಪಾ, ಬಟನ್ ಒತ್ತಿ ಹಿಡ್ಕೊಳ್ಳಿ."

ಒತ್ತಿದ್ರು. ಇಡೀ ಗ್ಯಾಲರೀಲಿ ಗುಡುಗು.

"ಯಾರ್ರೀ ಅದು, ರೈಲು ತಂದೋರು?" ಅಂದ್ರು ಒಬ್ರು.

"ನಿಲ್ದಾಣ ಬಂದ್ರೆ ಹೇಳಿ, ಇಳೀಬೇಕು."

ಅಪ್ಪ ಏನೂ ಅರಿಯದೋರ ಹಾಗೆ, "ನಮಸ್ಕಾರ ಎಲ್ರಿಗೂ. ಇದು ಬಾಯ್ಲರ್" ಅಂದ್ರು. ಬಿದ್ದು ಬಿದ್ದು ನಕ್ಕರು ಎಲ್ರೂ. ಈಗ ಅವರ ಹೆಸರು 'ಇಂಜಿನ್ ಮಾಮ'. ಗೋಡೆಯ ಅಪ್ಪ ಅಂತ ನಾನು ಹೇಳ್ಲಿಲ್ಲ, ಅವರೂ ಹೇಳ್ಲಿಲ್ಲ.

ಆದ್ರೆ ತಡ. ನಾನು ಇಲ್ಲಿ ಹೇಳಿದ್ದು ಅಲ್ಲಿಗೆ ಹೋಗೋಷ್ಟರಲ್ಲಿ ಒಂದು ಗುಟುಕು ಕಾಫಿ ಕುಡೀಬಹುದು. ಜೋಕಿಗೆ ಎಲ್ರೂ ನಕ್ಕು ಮುಗಿದ ಮೇಲೆ ಅಪ್ಪ ಒಬ್ಬರೇ ನಗ್ತಾರೆ.

ಮಾರ್ಚ್ 20, ಬುಧವಾರ

ತಡ ಹೋಗ್ತಿಲ್ಲ. ಕ್ವಾಲಿಟಿ ಇಳಿಸ್ದೆ, ಮಾತು ಕೂಡಿಡೋ ಬಫರ್ ಇಳಿಸ್ದೆ. ಸ್ವಲ್ಪ ಕಮ್ಮಿ ಆಗುತ್ತೆ, ಮತ್ತೆ ಬರುತ್ತೆ. ಹೆಡ್‌ಮಾಸ್ಟ್ರು "ಅದು ಟಿಸಿಪಿ ಗುಣ, ಬಿಡು" ಅಂದ್ರು. ಬಿಡೋಕಾಗ್ತಿಲ್ಲ. ಅಪ್ಪ ಅಕ್ಕನ ಮ್ಯಾಚು ಕೇಳೋದು ಇದೊಂದೇ ಸಲ, ಅದೂ ತಂಗಳಾ?

ಅಪ್ಪ ದಿನಾ ಪ್ರಾಕ್ಟೀಸ್ ಮಾಡ್ತಿದಾರೆ. "ಈಗ ಕಣ್ಣು ಮುಚ್ಕೊಂಡೂ ಕನೆಕ್ಟ್ ಮಾಡ್ತೀನಿ" ಅಂತ ಅಮ್ಮನ ಮುಂದೆ ಜಂಬ.

ಮಾರ್ಚ್ 23, ಶನಿವಾರ

ನನ್ನ ಫೈನಲ್ ಟಿಕೆಟ್ ಅಮ್ಮಂಗೆ ಕೊಟ್ಟೆ. ನಾನು ಹೆಡ್‌ಮಾಸ್ಟ್ರ ಅಂಗಡೀಲಿ ಸರ್ವರ್ ಪಕ್ಕ ಇರ್ತೀನಿ. ಲ್ಯಾಂಡ್‌ಲೈನೂ ಅಲ್ಲಿದೆ. ಪ್ರಾಕ್ಸಿ ಕತ್ತರಿಸಿದ್ರೆ ಅಪ್ಪಂಗೆ ಯಾರಾದ್ರೂ ಬೇಕಲ್ಲ.

ಅಮ್ಮ, "ನಂಗೆ ಆಫ್‌ಸೈಡ್ ಅಂದ್ರೆ ಏನಂತಾನೂ ಗೊತ್ತಿಲ್ವಲ್ಲೇ" ಅಂದ್ಲು. "ಯಾರಿಗೂ ಗೊತ್ತಿಲ್ಲ, ಕೂಗು ಸಾಕು" ಅಂದೆ. ಕನ್ನಡಿ ಮುಂದೆ ನಿಂತು ಯಾವ ಸೀರೆ ಅಂತ ನೋಡ್ತಿದಾಳೆ.

ಅಕ್ಕ ಮಂಡಿಗೆ ಪಟ್ಟಿ ಸುತ್ತಿಕೊಳ್ತಿದ್ಲು. ನಾನು ಪಟ್ಟಿಯ ಇನ್ನೊಂದು ತುದಿ ಹಿಡ್ಕೊಂಡೆ ಅಷ್ಟೇ.

ಮಾರ್ಚ್ 24, ಭಾನುವಾರ

ಒಂದೊಂದಾಗಿ ಬರೀತೀನಿ. ಒಂದನ್ನೂ ಮರೀಬಾರದು.

ಮೊದಲರ್ಧದಲ್ಲೇ ನಾವು ಒಂದು ಗೋಲು ಹೊಡೆದ್ವಿ. ಶಿಳ್ಳೆ ಮಾಮ "ಬಾಯಿ ಬಿಡ್ರಪ್ಪೋ" ಅಂದ್ರು, ಎಲ್ರೂ ಕಿರುಚಿದ್ರು, ಎಲ್ರೂ ನಿಲ್ಲಿಸಿದ ಮೇಲೆ ಇಂಜಿನ್ ಮಾಮನ ರೈಲು "ಹೋ..." ಅಂತ ಬಂತು. ಇಡೀ ಗ್ಯಾಲರಿ ನಕ್ಕಿತು. ನಂಗೆ ಮುಖ ಬಿಸಿ ಆಯ್ತು, ತಡ ತೆಗೆಯೋಕಾಗ್ಲಿಲ್ವಲ್ಲ ಅಂತ.

ದ್ವಿತೀಯಾರ್ಧದಲ್ಲಿ ಅವರು ಮೇಲೆ ಬಿದ್ರು. ಅಕ್ಕ ಹಿಡಿದ್ಲು, ಗುದ್ದಿದ್ಲು, ಮತ್ತೆ ಹಿಡಿದ್ಲು. ಇನ್ನೇನು ಮುಗೀತು ಅನ್ನೋವಾಗ ಪರದೆ ನೋಡ್ದೆ. ಅಪ್ಪನ ಹೆಸರಿಲ್ಲ. ಪ್ರಾಕ್ಸಿ ಕತ್ತರಿಸಿಬಿಟ್ಟಿದೆ.

ಅದೇ ಹೊತ್ತಿಗೆ ಶಿಳ್ಳೆ ಮಾಮ: "ಪೆನಾಲ್ಟಿ! ಅವರಿಗೆ ಪೆನಾಲ್ಟಿ ಕೊಟ್ರು!"

ನಾನು ಹೆಡ್‌ಸೆಟ್ ಕಿತ್ತೆಸೆದು ಲ್ಯಾಂಡ್‌ಲೈನ್ ಎತ್ತಿದೆ. ಆಸ್ಪತ್ರೆ ಆಪರೇಟರ್ "ಮತ್ತೆ ನೀನೇನಮ್ಮ?" ಅಂತ ಬಾಯ್ಲರ್ ರೂಮಿಗೆ ಕೊಟ್ರು.

"ಅಪ್ಪಾ, ಪೆನಾಲ್ಟಿ! ಬೇಗ ಪಾಸ್‌ವರ್ಡ್ ಹೊಡೀರಿ!"

"ತಾಳು, ಗೇಜ್ ನೋಡಿ ಬರ್ತೀನಿ."

"ಅಪ್ಪಾ ಪೆನಾಲ್ಟಿ ಅಂತಿದೀನಿ!"

"ಗೇಜಿಗೆ ಪೆನಾಲ್ಟಿ ಗೊತ್ತಾಗಲ್ಲ ಮರಿ."

ಹೋದ್ರು. ನೋಡಿದ್ರು. ಬಂದ್ರು.

"ಮರಿ... ಅಂಗೈ ಬೆವರಿಗೆ ಅಳಿಸಿ ಹೋಗಿದೆಯಲ್ಲ. ಅರ್ಧಾನೇ ಕಾಣ್ತಿದೆ."

ಎರಡು ವಾರದ ಹಿಂದಿನ ನಾನಾಗಿದ್ರೆ ಕಿರುಚಿರ್ತಿದ್ದೆ. ಅಪ್ಪನ ಮೇಜು ಕಣ್ಮುಂದೆ ಬಂತು. ಆ ಸದ್ದು, ಆ ಬೆವರು. ಮೆಲ್ಲಗೆ ಹೇಳ್ದೆ:

"ಅಪ್ಪಾ, ಕೈ ನೋಡ್ಬೇಡಿ. ದಿನಾ ಹೊಡೆದಿದೀರಿ. ಕಣ್ಣು ಮುಚ್ಕೊಳ್ಳಿ. ಬೆರಳಿಗೇ ಬಿಟ್ಬಿಡಿ."

ಟಕ್. ಟಕ್. ಟಕ್. ಒಂದು ಕಿವೀಲಿ ಫೋನು, ಇನ್ನೊಂದು ಕಿವಿಗೆ ಬೆರಳಿಟ್ಟಿದ್ದೆ, ಅಪ್ಪನ ಕೀಬೋರ್ಡ್ ಸದ್ದು ಬಿಟ್ಟು ಬೇರೇನೂ ಬೇಡ ಅಂತ. ಪರದೆ ಮೇಲೆ ಅವರ ಹೆಸರು ಬಂತು.

"ಬಂತಾ? ಶಿಳ್ಳೆ ಮಾಮನ ದನಿ ಕೇಳ್ತಿದೆಯಾ?"

"ಷ್! ಕೇಳ್ತಿದೆ. ಇರು. ಚೆಂಡು ಇಡ್ತಿದಾರೆ."

ಆಮೇಲೆ ಫೋನಲ್ಲಿ ಬರೀ ಬಾಯ್ಲರ್. ಅಪ್ಪ ಉಸಿರಾಡ್ತಿದಾರೋ ಇಲ್ವೋ ಅಂತಾನೂ ಗೊತ್ತಾಗ್ತಿಲ್ಲ. ಎದುರಿಗೆ ಹೆಡ್‌ಮಾಸ್ಟ್ರು ಕುರ್ಚಿಯಿಂದ ಎಗರಿ ಎರಡೂ ಕೈ ಮೇಲೆತ್ತಿದ್ರು. ಬಟನ್ ಒತ್ತಿ ಕಿರುಚಿದ್ರು. ಏನಾಯ್ತು ಅಂತ ನಂಗೆ ಕೇಳಿಸ್ಲಿಲ್ಲ. ನೋಡನೋಡ್ತಾ ಅವರ ಕೈ ಕೆಳಗಿಳೀತು, ಮುಖ ಬಾಡಿತು. ಕಿವಿಯಿಂದ ಬೆರಳು ತೆಗೆದೆ. ಸ್ಪೀಕರ್‌ನಲ್ಲಿ ಶಿಳ್ಳೆ ಮಾಮನ ದನಿ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನ ನಾನು ಕೇಳೇ ಇಲ್ಲ: "ಗೋಡೆ ಬಿದ್ದಲ್ಲೇ ಇದಾಳೆ. ಏಳ್ತಿಲ್ಲ. ಮಂಡಿ ಹಿಡ್ಕೊಂಡಿದಾಳೆ."

ಇಡೀ ಗ್ಯಾಲರಿ ಗಪ್‌ಚಿಪ್.

ಆಗ ಫೋನಲ್ಲಿ ಅಪ್ಪ ಕೂಗಿದ್ರು. ಕಿವಿ ಹರಿದು ಹೋಗೋ ಹಾಗೆ.

"ಏಳೇ ಮೂಟೆ!"

ಮತ್ತೆ ಸೇರಿದ ಮೇಲೆ ತಡ ಇನ್ನೂ ಜಾಸ್ತಿ ಆಗಿತ್ತು, ಅಕ್ಕ ಪೆನಾಲ್ಟಿ ತಡೆದ ಆ ಸೇವು ಅಪ್ಪನ ಲೈನಿಗೆ ಬಂದು ತಲುಪಿದ್ದೇ ಆಗ. ಶಿಳ್ಳೆ ಮಾಮ ಬಾಯಿ ಬಿಡಿ ಅಂದಿದ್ದು ಅವರಿಗೆ ಕೇಳಿದ್ದೇ ಆಗ. ಅವಳು ಬಿದ್ದಲ್ಲೇ ಇದಾಳೆ ಅನ್ನೋದು ಅವರಿಗೆ ಗೊತ್ತಿಲ್ಲ. ಊಟದ ಹೊತ್ತಲ್ಲಿ ಲೋಟದ ಮುಂದೆ ಕೂಗೋದನ್ನೇ ಕೂಗಿದಾರೆ. ನಿಯಮ ಒಂದಿಷ್ಟೂ ಮುರಿದಿಲ್ಲ!

ಒಂದು ಕ್ಷಣ ಬಿಟ್ಟು ಅದೇ ಕೂಗು ಅಂಗಡಿ ಸ್ಪೀಕರ್‌ನಲ್ಲೂ ಬಂತು, ಹಿಂದೆ ರೈಲಿನ ಸದ್ದು ಸಮೇತ. ಬೇರೆ ಯಾರ ದನಿಯೂ ಇಲ್ಲ, ಅದೊಂದೇ. "ಏಳೇ ಮೂಟೆ!" ಅಂದ್ರೆ ಅಲ್ಲಿ, ಕಂಬಿಗೆ ಕಟ್ಟಿರೋ ಸ್ಪೀಕರ್‌ನಲ್ಲೂ ಬಂತು. ಅಕ್ಕನ ತಲೆ ಹಿಂದೆ.

ಆಮೇಲೆ ಶಿಳ್ಳೆ ಮಾಮ: "ಅರೆ... ನಗ್ತಿದಾಳೆ. ಮಲಗಿದೋಳು ನಗ್ತಿದಾಳೆ ಕಣ್ರಪ್ಪ! ಎದ್ದಳು! ಎದ್ದಳು ಎದ್ದಳು! ಬಾಯಿ ಬಿಡ್ರಪ್ಪೋ!"

ಕಾರ್ನರ್ ಬಂತು, ಅದನ್ನೂ ಹಿಡಿದ್ಲು. ರೆಫ್ರಿ ಕೊನೇ ಶಿಳ್ಳೆ ಊದಿದ್ರು. ಗೆದ್ವಿ.

ಹೆಡ್‌ಮಾಸ್ಟ್ರು ನನ್ನ ಹೆಗಲು ಅಲ್ಲಾಡಿಸ್ತಾ, "ಹೆಂಗಿತ್ತು ಸೇವು? ಬೆರಳ ತುದೀಲಿ! ಕೇಳಿದ್ಯಾ ಇಲ್ವಾ?" ಅಂದ್ರು.

"ಇಲ್ಲ" ಅಂದೆ. "ಅಪ್ಪ ಕೇಳಿದ್ರು."

ಮಾರ್ಚ್ 25, ಸೋಮವಾರ

ನಿನ್ನೆ ಊಟದ್ದು ಬರೆಯೋದು ಉಳೀತು.

ಅಕ್ಕ ಕಾಲು ಸ್ಟೂಲ್ ಮೇಲಿಟ್ಕೊಂಡು ಕೂತಿದ್ಲು. ಅಮ್ಮನ ಗಂಟಲು ಬಿದ್ದು ಹೋಗಿತ್ತು, ಸನ್ನೇಲೇ ಬಡಿಸಿದ್ಲು. ಅಪ್ಪ ಬಂದ್ರು. ಶೂ ಬಿಚ್ಲಿಲ್ಲ, "ಎಷ್ಟು ಹಿಡಿದ್ಲು" ಅಂತಾನೂ ಕೇಳ್ಲಿಲ್ಲ. ನೇರ ಬಂದು ಎರಡು ಲೋಟ ಇಟ್ರು.

"ಚಿಕ್ಕೋಳೇ, ಕೂತ್ಕೋ. ಇವತ್ತು ನಾನು ಹೇಳ್ತೀನಿ."

ಹೇಳಿದ್ರು ನೋಡು! ಶಿಳ್ಳೆ ಮಾಮನ ಒಂದೊಂದು ಮಾತೂ ಬಾಯಿಪಾಠ. ಅವಳು ಎಡಕ್ಕೆ ಹೆಜ್ಜೆ ಹಾಕಿದ ಹಾಗೆ ಮಾಡಿ ಬಲಕ್ಕೆ ಹಾರಿದ್ದು, ಬೆರಳ ತುದಿಗೆ ಚೆಂಡು ತಾಗಿದ್ದು, ಕಂಬ ಸವರಿ ಹೊರಗೆ ಹೋಗಿದ್ದು. ಅಪ್ಪ ಚಾಪೆ ಮೇಲೆ ಬೀಳೋಕೆ ಹೋದಾಗ ಅಮ್ಮ ಇಲ್ಲದ ಗಂಟಲಲ್ಲೇ ಕಿರುಚಿದ್ಲು.

ಅಕ್ಕ ಅಂದ್ಲು, "ನಂಗೆ ಏಳೋಕೆ ಆಗ್ತಿರ್ಲಿಲ್ಲ ಅಪ್ಪ. ಎಲ್ರೂ ಸುಮ್ನಾಗಿದ್ರು. ಹಿಂದಿನಿಂದ ಬಾಯ್ಲರ್ ಬಂತು. ಬೆಳಿಗ್ಗೆ ಆಯ್ತೇನೋ ಅಂದ್ಕೊಂಡೆ."

ಆಮೇಲೆ ತಟ್ಟೆ ನೋಡ್ತಾ, "ಇದೇ ಕೊನೇದು. ಮಂಡಿ ಆಗಲ್ಲ ಅಂತಿದೆ."

ಅಪ್ಪ ಒಂದು ಲೋಟಕ್ಕೆ ನೀರು ಹಾಕಿ ಅವಳ ಮುಂದೆ ಇಟ್ರು. "ನಾನು ಕೇಳಿದೀನಿ" ಅಂದ್ರು. ಕಾಲರ್ ಸರಿ ಮಾಡ್ಕೊಂಡು, ಇಡೀ ಊರಿಗೆ ಹೇಳೋರ ಥರ ಇನ್ನೊಂದು ಸಲ: "ನನ್ನ ಮಗಳು ಆಡಿದ್ದನ್ನ ನಾನು ಕೇಳಿದೀನಿ."

ಆಮೇಲೇ ಶೂ ಬಿಚ್ಚಿದ್ದು.

ಮಾರ್ಚ್ 30, ಶನಿವಾರ

ಸೀಸನ್ ಮುಗಿದ್ರೂ ಗ್ಯಾಲರಿ ಖಾಲಿ ಆಗಿಲ್ಲ. ಅಕ್ಕ ಮುಂದಿನ ಸಲ ಚಿಕ್ಕ ಹುಡುಗೀರಿಗೆ ಕೀಪಿಂಗ್ ಹೇಳ್ಕೊಡ್ತಾಳಂತೆ, ಕೂತ್ಕೊಂಡೇ ಬೈಯಬಹುದು ಅಂತ ಖುಷಿ. ಇಂಜಿನ್ ಮಾಮ ಯಾರು ಅಂತ ಈಗ ಎಲ್ರಿಗೂ ಗೊತ್ತು. ಅವರು ಬಂದ್ರೆ ಎಲ್ರೂ ಬಾಯಲ್ಲೇ ರೈಲು ಬಿಡ್ತಾರೆ. ಮೂರನೇ ಮಹಡಿಗೆ ಬಿಸಿನೀರು ಬೇಗ ಬರ್ತಿದೆಯಂತೆ, ಮೇಡಂ ಹೇಳಿ ಕಳಿಸಿದ್ರು.

ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಏನೋ ಇದೆ ಅಂತ ಅಕ್ಕ ತೋರಿಸಿದ್ಲು. ಯಾವಾಗ ಬಂತೋ.

ಇವತ್ತು ಒಬ್ರು ಹೊಸಬರು ಬಂದ್ರು. ವಯಸ್ಸಾದೋರಿರಬೇಕು, ಒಂದೊಂದೇ ಅಕ್ಷರ ಟೈಪ್ ಮಾಡ್ತಿದ್ರು. "ಏನೂ ಕೇಳ್ತಿಲ್ಲ ಕಣಮ್ಮ."

"ಮೊದ್ಲು ಹೇಳಿ, ನೀವು ಎಲ್ಲಿ ಕೂತಿದೀರಾ?" ಅಂತ ಕೇಳ್ದೆ.

ಕೋಳಿ ಫಾರ್ಮಿನಲ್ಲಂತೆ.

ಒಳ್ಳೇದಾಯ್ತು. ಗ್ಯಾಲರಿಗೆ ಒಂದು ಹೊಸ ಸದ್ದು.